ಪಂಪು ನಿಂತ ಮೇಲಿನ ಅಳತೆ

ಚಿ. ಪುಟ್ಟನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಆಲ್ಬುಕರ್ಕಿಯ ಕರ್ಟ್‌ಲ್ಯಾಂಡ್ ವಾಯುನೆಲೆಯ ಇಂಧನ ಸೋರಿಕೆಯ ಕೆಲಸಕ್ಕೆ ನಿನ್ನನ್ನು ಹಾಕಿದ್ದಾರೆಂದೂ, ಮುಂದಿನ ತಿಂಗಳು ಅಲ್ಲಿನ ಒಂದು ಬಾವಿಯ ಪಂಪಿಂಗ್ ಪರೀಕ್ಷೆ, ಅಂದರೆ ಪಂಪು ಓಡಿಸಿ ನೀರಿನ ಮಟ್ಟ ಅಳೆಯುವ ಕೆಲಸ, ನಿನ್ನ ಹೊಣೆಯೆಂದೂ ನಿನ್ನ ಅಮ್ಮ ಫೋನಿನಲ್ಲಿ ತಿಳಿಸಿದಳು. ಕೋಲಾರದ ಕಡೆ ವರ್ಷಾನುಗಟ್ಟಲೆ ಕೊಳವೆಬಾವಿಗಳ ಇಳುವರಿ ಅಳೆದ ನನಗೆ ಈ ಸುದ್ದಿ ತಂದ ಸಂತೋಷ ದೊಡ್ಡದು. ಅದರೊಂದಿಗೆ ಹೇಳಲೇಬೇಕೆನಿಸಿದ ಒಂದು ಮಾತೂ ಇದೆ.

ಪಂಪು ಓಡುತ್ತಿರುವಾಗ ಎಲ್ಲರೂ ಬಾವಿಯ ಸುತ್ತ ಇರುತ್ತಾರೆ. ನಿಲ್ಲಿಸಿದ ಮೇಲೆ ನೀನೊಬ್ಬನಾದರೂ ಅಲ್ಲಿರಬೇಕು. ಒಮ್ಮೆ ಮಾಲೂರಿನ ಹತ್ತಿರ ಎಂಟು ಗಂಟೆ ಪಂಪು ಓಡಿಸಿ, ನೀರು ಒಂದೇ ಸಮನೆ ಬಂದದ್ದನ್ನು ಕಂಡು ತೃಪ್ತನಾಗಿ, ಸ್ವಿಚ್ ಆರಿಸಿದ ಕೂಡಲೇ ಟೇಪು ಸುತ್ತಿಕೊಂಡು ಜೀಪು ಹತ್ತಿದೆ. ಕುಸಿದ ಮಟ್ಟ ಮೊದಲಿನ ಗುರುತಿಗೆ ಮರಳಲು ಎಷ್ಟು ಹೊತ್ತು ಹಿಡಿಯಿತೆಂದು ನೋಡಲೇ ಇಲ್ಲ. ನನ್ನ ವರದಿಯನ್ನು ನಂಬಿ ಆ ರೈತ ಸಾಲ ಮಾಡಿ ಹಿಪ್ಪುನೇರಳೆ ತೋಟ ಹಾಕಿದ. ಎರಡನೆಯ ಬೇಸಿಗೆಗೆ ಬಾವಿ ಬರೀ ಗಾಳಿ ಉಗುಳಿತು. ಬಂಡೆಯ ಬಿರುಕುಗಳಲ್ಲಿ ಕೂಡಿದ್ದ ನೀರನ್ನು ಖಾಲಿ ಮಾಡಿ, ಅದನ್ನೇ ನಾನು ಇಳುವರಿಯೆಂದು ಬರೆದುಕೊಟ್ಟಿದ್ದೆ. ಆ ತೋಟ ಇಂದಿಗೂ ನನ್ನ ಕಣ್ಣಮುಂದಿದೆ.

ನೀನಿರುವ ಕಡೆ ನೆಲದಡಿ ಇರುವುದು ಬಂಡೆಯಲ್ಲ, ಆಳವಾದ ಮರಳು ಜಲ್ಲಿಯ ಪದರ. ಅಲ್ಲಿ ಲೆಕ್ಕ ಹೆಚ್ಚು ನಂಬಿಕೆಗೆ ಅರ್ಹ. ಕಾಯಿಸಿದ ಲೋಹದಲ್ಲಿ ಶಾಖ ಹರಡುವ ಗಣಿತವನ್ನೇ ಬಾವಿಯ ಸುತ್ತ ನೀರು ಕುಸಿಯುವುದಕ್ಕೂ ಹೊಂದಿಸಿ 1935ರಲ್ಲಿ ಸೂತ್ರ ಪ್ರಕಟಿಸಿದ ಚಾರ್ಲ್ಸ್ ಥೀಸ್ ಅವರು ದುಡಿದದ್ದೂ ನಿನ್ನ ನ್ಯೂ ಮೆಕ್ಸಿಕೋದಲ್ಲಿಯೇ. ಪಂಪು ಓಡುವಾಗ ಹರಿವು ಸ್ವಲ್ಪ ಹೆಚ್ಚುಕಡಿಮೆಯಾದರೂ ಆ ಏರಿಳಿತ ನಿನ್ನ ಅಳತೆಯಲ್ಲಿ ಸೇರಿಕೊಳ್ಳುತ್ತದೆ. ನಿಂತ ಮೇಲೆ ನೀರು ಏರುವಾಗ ಆ ತೊಡಕಿಲ್ಲ. ಆದುದರಿಂದ ಮೊದಲ ಹತ್ತು ನಿಮಿಷ ನಿಮಿಷಕ್ಕೊಂದರಂತೆ, ಆಮೇಲೆ ಬಿಡುವು ಹೆಚ್ಚಿಸುತ್ತಾ, ಮಟ್ಟ ಪೂರ್ತಿ ಮರಳುವವರೆಗೂ ಬರೆದುಕೊ. ಹತ್ತಿರದ ನಗರದ ಬಾವಿಗಳು ಯಾವಾಗ ಶುರುವಾದವು, ಯಾವಾಗ ನಿಂತವೆಂಬುದನ್ನೂ ಗಾಳಿಯೊತ್ತಡವನ್ನೂ ಅದೇ ಪುಸ್ತಕದಲ್ಲಿ ಗುರುತು ಹಾಕು, ಅವೂ ಬಾವಿಯ ಮಟ್ಟವನ್ನು ಅಲುಗಿಸುತ್ತವೆ.

ಆದರೆ ನಿನ್ನ ಬಾವಿಯಲ್ಲಿ ಏರುವುದು ನೀರೊಂದೇ ಅಲ್ಲ. ಸೋರಿಕೆ ಪತ್ತೆಯಾದದ್ದು 1999ರಲ್ಲಿ. ನೆಲದಡಿಯ ಕೊಳವೆಗಳಿಂದ ಅದಕ್ಕೂ ಎಷ್ಟೋ ಮೊದಲಿನಿಂದ ಇಂಧನ ಇಳಿಯುತ್ತಲೇ ಇತ್ತು. ಹಳೆಯ ವಿಮಾನ ಪೆಟ್ರೋಲಿನಲ್ಲಿ ಸೀಸವಿತ್ತು, ಎಂಜಿನ್ನಿನಲ್ಲಿ ಆ ಸೀಸ ಕಟ್ಟಿಕೊಳ್ಳದಿರಲೆಂದು ಎಥಿಲೀನ್ ಡೈಬ್ರೋಮೈಡ್ ಬೆರೆಸುತ್ತಿದ್ದರು. ಅದೇ ಇಂದು ನೀರಿನಲ್ಲಿ ಕರಗಿ, ಇಂಧನದ ಉಳಿದ ಅಂಶಗಳಿಗಿಂತ ಬಹುದೂರ ಸಾಗಿದೆ. ಕುಡಿಯುವ ನೀರಿನಲ್ಲಿ ಇಂಧನದ ಇನ್ನೊಂದು ವಿಷವಾದ ಬೆಂಜೀನಿಗೆ ಅಲ್ಲಿನ ಮಿತಿ ಲೀಟರಿಗೆ 5 ಮೈಕ್ರೋಗ್ರಾಂ ಆದರೆ ಈ ಡೈಬ್ರೋಮೈಡಿಗೆ 0.05 ಮಾತ್ರ. 2008ರ ಕೊನೆಯಿಂದ ನಗರವು ಸ್ಯಾನ್ ಹ್ವಾನ್-ಚಾಮಾ ಯೋಜನೆಯ ನದಿನೀರನ್ನು ಕುಡಿಯಲು ಬಳಸತೊಡಗಿ ಬಾವಿಗಳ ಮೇಲಿನ ಭಾರ ಇಳಿಸಿದಾಗ ಅಂತರ್ಜಲ ಮೇಲೆದ್ದಿತು. ನಮ್ಮ ಕೋಲಾರದವರು ಕೇಳಿದರೆ ಹಬ್ಬ ಮಾಡುವಂಥ ಸುದ್ದಿ. ಆದರೆ ಅಲ್ಲಿ, ನೀರಿನ ಮೇಲೆ ತೇಲುತ್ತಿದ್ದ ಇಂಧನ ಮರಳಿನ ಕಣಗಳಿಗೆ ಅಂಟಿಕೊಂಡು ಏರಿದ ನೀರಿನಡಿ ಮುಳುಗಿತು. ಅದನ್ನು ಪಂಪು ಎಳೆದು ತರಲಾರದು. ಅದರಿಂದ ಬಿಟ್ಟುಕೊಳ್ಳುವ ವಿಷವನ್ನಷ್ಟೇ ನೀರಿನೊಂದಿಗೆ ಎತ್ತಬಲ್ಲದು. 2015ರಲ್ಲಿ ಹಾಗೆ ನೀರೆತ್ತಿ, ವಿಷ ಹೀರುವ ಇಂಗಾಲದ ತೊಟ್ಟಿಗಳಲ್ಲಿ ಹಾಯಿಸಿ ಶುದ್ಧಿ ಮಾಡತೊಡಗಿದ್ದು ದೂರ ಹರಿದ ವಿಷವನ್ನು ತಡೆಹಿಡಿಯಲು ತಕ್ಕ ಕ್ರಮವೆಂದೇ ನನ್ನ ಎಣಿಕೆ. ಆದರೂ ಪಂಪು ಓಡುವಾಗ ಇಳಿದ ವಿಷದ ಅಂಕಿ ನಿಲ್ಲಿಸಿದ ಕೆಲವು ವಾರಗಳಲ್ಲಿ ಮತ್ತೆ ಏರಬಹುದು, ಆದ್ದರಿಂದ ಪರೀಕ್ಷೆ ಮುಗಿದ ಮೇಲೂ ಆ ಬಾವಿಯ ಮಾದರಿ ತೆಗೆಯಲು ಯೋಜನೆಯಲ್ಲಿಯೇ ದಿನ ಮತ್ತು ಹಣ ಎತ್ತಿಡುವಂತೆ ಈಗಲೇ ಕೇಳು. ಆಮೇಲೆ ಕೇಳಿದರೆ ಯಾರೂ ಕೊಡರು.

ಮಾದರಿ ತೆಗೆಯುವುದನ್ನು ಇನ್ನೊಬ್ಬರಿಗೆ ಬಿಡಬೇಡ. ಆ ನಲವತ್ತು ಮಿಲಿಲೀಟರಿನ ಚಿಕ್ಕ ಗಾಜಿನ ಸೀಸೆಯನ್ನು ಬಾಯಿಯ ಮೇಲೆ ನೀರು ಗುಮ್ಮಟದಂತೆ ಉಬ್ಬುವವರೆಗೆ ನಿಧಾನವಾಗಿ ತುಂಬಿಸಿ, ಮುಚ್ಚಳ ಬಿಗಿದು, ತಲೆಕೆಳಗಾಗಿಸಿ ಬೆರಳಿನಿಂದ ತಟ್ಟಿ ನೋಡು. ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದರೂ ಹೊಸ ಸೀಸೆ ತೆಗೆದುಕೊ, ಏಕೆಂದರೆ ನೀನು ಹುಡುಕುತ್ತಿರುವುದು ಆ ಗುಳ್ಳೆಯೊಳಕ್ಕೆ ಹಾರಿ ತಪ್ಪಿಸಿಕೊಳ್ಳುತ್ತದೆ. ಕೂಡಲೇ ಮಂಜುಗಡ್ಡೆಯಲ್ಲಿಡು. ಕಾರಿಗೆ ಪೆಟ್ರೋಲ್ ಹಾಕಿದ ಕೈಯಿಂದ ಅದನ್ನು ಮುಟ್ಟಲೇಬೇಡ. ನಾವು ಪರೀಕ್ಷೆಯ ನೀರನ್ನು ಪಕ್ಕದ ಹೊಲಕ್ಕೆ ಬಿಡುತ್ತಿದ್ದೆವು. ನಿನ್ನ ಬಾವಿಯ ಒಂದು ಕೊಡ ನೀರೂ ಶುದ್ಧಿಯಾಗುವ ಮೊದಲು ನೆಲ ಸೇರಕೂಡದು. ಆದ್ದರಿಂದ ಎಷ್ಟು ಗಂಟೆ ಪಂಪು ಓಡಿಸಬೇಕೆಂಬುದನ್ನು ಆ ನೀರನ್ನು ತುಂಬಿಡುವ ತೊಟ್ಟಿಗಳ ಅಳತೆ ನೋಡಿ ಮೊದಲೇ ಗೊತ್ತುಮಾಡಿಕೊ.

ಬೇಗ ಮುಗಿಸೆಂದು ಮೇಲಿನವರು ಒತ್ತಾಯಿಸಿದರೆ, ನೀರು ಮರಳುವ ಅಳತೆ ಎಲ್ಲಿಗೆ ನಿಂತಿತು, ಯಾಕೆ ನಿಂತಿತೆಂಬುದನ್ನು ವರದಿಯ ಮೊದಲ ಪುಟದಲ್ಲಿಯೇ ಬರೆ. ರಾತ್ರಿ ಅಲ್ಲಿ ಚಳಿ ಹೆಚ್ಚೆಂದು ಕೇಳಿದ್ದೇನೆ, ಉಣ್ಣೆಯ ಟೋಪಿ ಮರೆಯಬೇಡ. ಪರೀಕ್ಷೆಯ ಅಂಕಿಗಳನ್ನು ಹೊರಗಿನವರಿಗೆ ಕೊಡಲು ಅನುಮತಿಯಿದ್ದರೆ, ನೀರು ಮರಳಿದ ಗೆರೆಯನ್ನು ನನಗೂ ಕಳುಹಿಸು. ನನ್ನ ಹಳೆಯ ಲಾಗ್ ಗೆರೆಗಳ ನಕ್ಷೆ ಕಾಗದದ ಮೇಲೆ ಪೆನ್ಸಿಲಿನಿಂದ ಹಾಕಿ ನೋಡುವ ಆಸೆಯಿದೆ.

ಇತಿ,
ನಿನ್ನ ಸೋದರಮಾವ