ಅಂಗಳದ ಗೆಲುವಿನ ಜಗಳ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಮೊನ್ನೆ ಫೋನಿನಲ್ಲಿ ನೀನು ಅಂದ ಮಾತು ಇನ್ನೂ ಕಾಲಿಗೆ ಹೊಕ್ಕ ಮುಳ್ಳಿನಂತೆ ಚುಚ್ಚುತ್ತಿದೆ. "ನೆಂಟರನ್ನು ಮನೆಗೆ ಕರೆದು, ಅವರನ್ನೇ ಸೋಲಿಸಿ ಕಪ್ ಇಟ್ಟುಕೊಳ್ಳುವುದು ಯಾವ ಸೀಮೆಯ ದೊಡ್ಡಸ್ತಿಕೆ?" ಎಂದೆಯಲ್ಲ. ಫೋನಿನಲ್ಲಿ ಜಗಳವಾಡಿ ನಿನ್ನನ್ನು ಗೆದ್ದವರಿಲ್ಲ. ಅದಕ್ಕೇ ಈ ಪತ್ರ.

2017ರ ಜುಲೈ 29, ಶನಿವಾರ. ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣ. ಮಹಿಳೆಯರ ಏಷ್ಯಾ ಕಪ್ ಬಾಸ್ಕೆಟ್‌ಬಾಲ್. ಜಪಾನ್, ಚೀನಾ, ಆಸ್ಟ್ರೇಲಿಯಾಗಳೆಲ್ಲ 'ಎ' ವಿಭಾಗದಲ್ಲಿ. ಆತಿಥೇಯರಾದ ನಾವು ಕೆಳಗಿನ 'ಬಿ' ವಿಭಾಗದಲ್ಲಿ. ಮದುವೆ ಮನೆಯವರೇ ಕೊನೆಯ ಪಂಕ್ತಿಗೆ ಕೂತ ಹಾಗೆ! ಆ ವಿಭಾಗ ಗೆದ್ದರೆ ಮಾತ್ರ ಮೇಲಕ್ಕೆ ಬಡ್ತಿ. ಫೈನಲ್‌ನಲ್ಲಿ ಎದುರಿಗಿದ್ದದ್ದು ಕಜಕಸ್ತಾನ.

ನನ್ನ ಪಕ್ಕದಲ್ಲಿ ಮೊಮ್ಮಗಳನ್ನು ಕರೆತಂದಿದ್ದ ಒಬ್ಬ ಅಜ್ಜಿ ಕುಳಿತಿದ್ದರು. ಹುಡುಗಿಗಿಂತ ಅಜ್ಜಿಯ ಪ್ರಶ್ನೆಗಳೇ ಹೆಚ್ಚು. "ಆಗ ಎರಡು ಕೊಟ್ಟರಲ್ಲ, ಈಗ ಯಾಕೆ ಮೂರು?" ಎಂದು ಕೇಳಿದರು. ನೆಲದ ಮೇಲಿನ ಕಮಾನು ಗೆರೆ ತೋರಿಸಿ, ಅದರಾಚೆಯಿಂದ ಹಾಕಿದರೆ ಮೂರು ಎಂದೆ. ಆಮೇಲೆ ಅವರು ಚೆಂಡು ನೋಡುವುದನ್ನೇ ಬಿಟ್ಟು ಆಟಗಾರ್ತಿಯರ ಕಾಲು ನೋಡತೊಡಗಿದರು. ಕೊನೆಯ ಸದ್ದು ಮೊಳಗಿದಾಗ ಫಲಕದ ಮೇಲೆ 75–73. ಎಲ್ಲರೂ ಎದ್ದು ಕುಣಿಯುತ್ತಿದ್ದರೆ ಅಜ್ಜಿ ನನ್ನ ತೋಳು ಹಿಡಿದು, "ಅವರು ಗೆರೆಯಾಚೆಯಿಂದ ಇನ್ನೊಂದು ಹಾಕಿಬಿಟ್ಟಿದ್ದರೆ?" ಎಂದರು. ಹೌದು, ಅಷ್ಟೇ ಅಂತರ.

ಆ ತಂಡದಲ್ಲಿ ನಮ್ಮ ಕರ್ನಾಟಕದ ನವನೀತಾ ಇದ್ದರು, ಚೆನ್ನೈನ ಅನಿತಾ ಪಾಲ್‌ದೊರೈ ಇದ್ದರು. ಅನಿತಾ 2001ರಿಂದ ಒಂಬತ್ತು ಏಷ್ಯಾ ಚಾಂಪಿಯನ್‌ಷಿಪ್ ಆಡಿದವರು. 2021ರಲ್ಲಿ ಪದ್ಮಶ್ರೀ ಬಂದಾಗ ಪತ್ರಿಕೆಯಲ್ಲಿ ಆ ಸುದ್ದಿ ಎಷ್ಟು ಸಣ್ಣದಾಗಿತ್ತೆಂದರೆ, ಕನ್ನಡಕ ಹಾಕಿಕೊಂಡು ಹುಡುಕಬೇಕಾಯಿತು. ಕ್ರಿಕೆಟಿಗನೊಬ್ಬನ ಬೆರಳು ಉಳುಕಿದರೆ ಅದಕ್ಕಿಂತ ದೊಡ್ಡ ಜಾಗ ಸಿಗುತ್ತದೆ. ಇರಲಿ, ಅದು ಬೇರೆ ಜಗಳ.

ಈಗ ನಿನ್ನ ಮಾತಿಗೆ ಬರುತ್ತೇನೆ. ಮನೆಯಂಗಳದಲ್ಲಿ ಆಡುವುದರ ಲಾಭ ಇಲ್ಲವೆಂದು ನಾನು ಹೇಳುವುದಿಲ್ಲ. ಎದುರಾಳಿ ಫ್ರೀ ಥ್ರೋಗೆ, ಅಂದರೆ ಯಾರೂ ಅಡ್ಡ ಬರದಂತೆ ಬುಟ್ಟಿಗೆ ಎಸೆಯುವ ಅವಕಾಶಕ್ಕೆ, ನಿಂತಾಗ ಗಂಟಲು ಹರಿಯುವಂತೆ ಕೂಗಿದವರಲ್ಲಿ ನಾನೂ ಒಬ್ಬ. ಮರುದಿನ ಕಚೇರಿಯಲ್ಲಿ ಕೈಸನ್ನೆಯಲ್ಲೇ ಕಾಫಿ ಕೇಳುತ್ತಿದ್ದೆ ಎನ್ನಬಹುದಿತ್ತು, ಆದರೆ ಭಾನುವಾರವಾದ್ದರಿಂದ ಹೆಂಡತಿಯ ಮುಂದೆಯೇ ಆ ಅವಸ್ಥೆಯಾಯಿತು. ಆದರೆ ಕೂಗಿನಿಂದಲೇ ಗೆಲ್ಲುವುದಾಗಿದ್ದರೆ 2019ರ ಸೆಪ್ಟೆಂಬರ್‌ಗೆ ಏನು ಹೇಳುತ್ತೀಯ? ಮತ್ತೆ ಬೆಂಗಳೂರು, ಮತ್ತೆ ಕಂಠೀರವ, ಈ ಸಲ ನಾವು 'ಎ' ವಿಭಾಗದಲ್ಲಿ. ಜಪಾನ್, ಕೊರಿಯಾ ಎಲ್ಲರೂ ನಮ್ಮನ್ನು ಬಗ್ಗುಬಡಿದರು. ಫಿಲಿಪ್ಪೀನ್ಸ್ ಎದುರಿನ ಪಂದ್ಯವೂ 78–92ರಲ್ಲಿ ಹೋಯಿತು. ಎಂಟು ತಂಡಗಳಲ್ಲಿ ನಮ್ಮದು ಎಂಟನೆಯ ಸ್ಥಾನ. ಅಂಗಳ ಅದೇ, ಗಂಟಲು ಅದೇ. ಕಪ್ ಗೆದ್ದದ್ದು ಜಪಾನ್, ಫೈನಲ್‌ನಲ್ಲಿ ಚೀನಾ ವಿರುದ್ಧ 71–68. ಅವರಿಗೆ ಇಲ್ಲಿ ಯಾವ ಅಂಗಳವಿತ್ತು? 2017ರಲ್ಲೂ ಇದೇ ಬೆಂಗಳೂರಿನಲ್ಲಿ, 'ಎ' ವಿಭಾಗದ ಫೈನಲ್‌ನಲ್ಲಿ, ಆಸ್ಟ್ರೇಲಿಯಾವನ್ನು 74–73ರಿಂದ ಸೋಲಿಸಿ ಗೆದ್ದವರು ಅವರೇ.

ಇಷ್ಟಕ್ಕೂ ಈ ಮಾತನ್ನು ನೀನು ಆಡಬಾರದಿತ್ತು. ಮಂಡ್ಯದಲ್ಲಿ ನಮ್ಮ ಕಾಲೇಜಿನ ಕೋರ್ಟ್ ನೆನಪಿದೆಯೇ? ಎಡಬದಿಯಲ್ಲಿ ಸಿಮೆಂಟ್ ಕಿತ್ತುಹೋಗಿ, ಅಲ್ಲಿ ಕುಟ್ಟಿದ ಚೆಂಡು ಮೊಣಕಾಲಿಗೂ ಏಳುತ್ತಿರಲಿಲ್ಲ. ಮೈಸೂರಿನ ಹುಡುಗರು ಆಡಲು ಬಂದಾಗಲೆಲ್ಲ ನೀನು ಅವರನ್ನು ಉಪಾಯವಾಗಿ ಆ ಮೂಲೆಗೇ ತಳ್ಳಿಕೊಂಡು ಹೋಗುತ್ತಿದ್ದೆ. ಆ ಗುಂಡಿಯ ವಿಷಯ ಅವರಿಗೆ ಒಮ್ಮೆಯಾದರೂ ಹೇಳಿದ್ದೆಯಾ?

ಉತ್ತರ ಬರೆ. ಫೋನ್ ಮಾಡಬೇಡ.

ನಿನ್ನ,
ಹಳೆಯ ಜೊತೆಯಾಟಗಾರ