ಯಾವ ಮರದ ಕೆಳಗೆ?

ಪುಟ್ಟಿ,

ಫೋನಿನಲ್ಲಿ ಬಾಯಿ ಬರಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ರೂಮಿನವಳ ಸರ ಕಳೆದಿದೆ, ವಾರ್ಡನ್ ನಿನ್ನ ಟ್ರಂಕನ್ನು ವರಾಂಡದಲ್ಲೇ ಸುರಿಸಿದರು ಅಂತ ನೀನು ಅತ್ತಾಗ ನಾನು ಮೊದಲು ಕೇಳಿದ್ದೇನು? "ನಿಜ ಹೇಳು, ನೀನು ಮುಟ್ಟಿಲ್ಲ ತಾನೆ?" ಹೆತ್ತವಳೇ ಕೇಳಿದ ಮಾತು. ಎಂಟು ದಿನದ ಮೇಲೆ ಸರ ಅವಳದೇ ಬ್ಯಾಗಿನ ಹರಿದ ಅಸ್ತರಿನೊಳಗೆ ಸಿಕ್ಕಿತಲ್ಲ, ಅವತ್ತಿನಿಂದ ಆ ಪ್ರಶ್ನೆ ನನ್ನನ್ನು ಕೊರೆಯುತ್ತಿದೆ. ತಪ್ಪಾಯಿತು ಮಗಳೇ.

ಬೆಟಗೇರಿಯ ಅಜ್ಜಿ ಹೇಳಿ ಕಳಿಸಿದ್ದಾರೆ: "ಯೋಸೇಫನ ಕಥಿ ಹೇಳ ಆಕಿಗೆ. ಸುಮ್ಮ ಇದ್ದ, ದೇವರು ಮ್ಯಾಲೆತ್ತಿದ." ಅತ್ತೆಗೆ ಎದುರಾಡಲಿಲ್ಲ. ಆದರೆ ರಾತ್ರಿ ಆದಿಕಾಂಡ 40 ತೆಗೆದು ನೋಡಿದೆ. ಯೋಸೇಫ ಎಲ್ಲಿ ಸುಮ್ಮನಿದ್ದ? ಸೆರೆಯಿಂದ ಹೊರಟ ಪಾನದಾಯಕನನ್ನು ಹಿಡಿದು, ಅರಸ ಫರೋಹನಿಗೆ ನನ್ನ ವಿಷಯ ತಿಳಿಸು, ಈ ಸೆರೆಗೆ ಬೀಳುವಂಥದ್ದೇನೂ ನಾನು ಮಾಡಿಲ್ಲ ಅಂತ ಬೇಡಿಕೊಂಡ. ಆ ಪುಣ್ಯಾತ್ಮ ಮರೆತುಬಿಟ್ಟ, ಇನ್ನೆರಡು ವರ್ಷ ಕಳೆಯಿತು. ಕೊನೆಗೆ ಬಿಡುಗಡೆಯಾದದ್ದೂ ಕನಸಿನ ಅರ್ಥ ಹೇಳಿದ್ದಕ್ಕೆ. ಅವನ ಮೇಲೆ ಸುಳ್ಳು ಹೊರಿಸಿ ಸೆರೆಗೆ ಹಾಕಿಸಿದ ಯಜಮಾನ ಪೋಟೀಫರನ ಹೆಂಡತಿ ತಾನು ಹೇಳಿದ್ದು ಸುಳ್ಳು ಅಂತ ಒಪ್ಪಿಕೊಂಡಳೆಂದು ಎಲ್ಲೂ ಬರೆದಿಲ್ಲ.

ನನಗೆ ನೆನಪಾಗುವವಳು ಸುಸನ್ನ. ಅಜ್ಜಿಯ ಪ್ರೊಟೆಸ್ಟೆಂಟ್ ಸತ್ಯವೇದದಲ್ಲಿ ಅವಳ ಕಥೆಯೇ ಇಲ್ಲ. ನಮ್ಮ ಕಥೋಲಿಕರ ಬೈಬಲಿನಲ್ಲಿ ದಾನಿಯೇಲನ 13ನೇ ಅಧ್ಯಾಯ, ತಪಸ್ಸುಕಾಲದ ಐದನೇ ವಾರದ ಸೋಮವಾರ ಪೂಜೆಯಲ್ಲಿ ಓದುತ್ತಾರೆ. ಬಾಬಿಲೋನಿನಲ್ಲಿ ಗಂಡನ ತೋಟದಲ್ಲಿ ಸ್ನಾನಕ್ಕೆ ಹೋದವಳನ್ನು ಇಬ್ಬರು ಹಿರಿಯರು ಬಲವಂತ ಮಾಡುತ್ತಾರೆ. ಒಪ್ಪದೆ ಕೂಗಿಕೊಂಡಾಗ, ಇವಳು ಒಬ್ಬ ಹುಡುಗನ ಜೊತೆ ಇದ್ದಳು ಅನ್ನುತ್ತಾರೆ. ಅವರೇ ಆ ವರ್ಷದ ನ್ಯಾಯಾಧೀಶರು! ಜನ ನಂಬಿದರು, ಮರಣದಂಡನೆ ಅಂತ ತೀರ್ಪಾಯಿತು. ಗಮನಿಸು, ಕಾನೂನು ಮೀರಿರಲಿಲ್ಲ. ಒಬ್ಬನ ಸಾಕ್ಷಿ ಸಾಲದು, ಇಬ್ಬರೋ ಮೂವರೋ ಬೇಕು ಅನ್ನುತ್ತದೆ ಧರ್ಮೋಪದೇಶಕಾಂಡ 19. ಇಲ್ಲಿ ಇಬ್ಬರಿದ್ದರಲ್ಲ. ದ್ರಾಕ್ಷಿತೋಟಕ್ಕಾಗಿ ನಾಬೋತನನ್ನು ಕಲ್ಲೆಸೆದು ಕೊಲ್ಲಿಸುವಾಗ ರಾಣಿ ಈಜೆಬೆಲಳೂ ಲೆಕ್ಕ ತಪ್ಪದಂತೆ ಇಬ್ಬರು ಸುಳ್ಳುಸಾಕ್ಷಿಗಳನ್ನೇ ಕೂರಿಸಿದ್ದಳು. ಆದರೆ ಧರ್ಮೋಪದೇಶಕಾಂಡದ ಅದೇ ಅಧ್ಯಾಯ ಮುಂದೆ, ನ್ಯಾಯಾಧೀಶರು ಚೆನ್ನಾಗಿ ವಿಚಾರಿಸಬೇಕು ಅಂತಲೂ ಹೇಳುತ್ತದೆ. ಅದನ್ನು ಎಲ್ಲರೂ ಮರೆತಿದ್ದರು.

ನೆನಪಿಟ್ಟವನು ದಾನಿಯೇಲ, ಇನ್ನೂ ಹುಡುಗ. ವಿಚಾರಿಸದೆ ಹೇಗೆ ತೀರ್ಪು ಕೊಟ್ಟಿರಿ ಅಂತ ಗುಂಪನ್ನೇ ತಡೆದು, ಇಬ್ಬರನ್ನೂ ದೂರ ನಿಲ್ಲಿಸಿ, ಬೇರೆ ಬೇರೆಯಾಗಿ ಕೇಳಿದ್ದು ಇಷ್ಟೇ: ಯಾವ ಮರದ ಕೆಳಗೆ ನೋಡಿದೆ? ಒಬ್ಬ ಮ್ಯಾಸ್ಟಿಕ್ ಮರ ಅಂದ, ಇನ್ನೊಬ್ಬ ಓಕ್ ಅಂದ. ಮುಗಿಯಿತು. ನಿನ್ನ ವಿಷಯದಲ್ಲಿ ಆ ಹುಡುಗಿಗೆ, ಕೊನೆಯ ಸಲ ಸರ ಎಲ್ಲಿಟ್ಟೆ, ಬ್ಯಾಗ್ ಪೂರ್ತಿ ನೋಡಿದೆಯಾ ಅಂತ ಯಾರೂ ಕೇಳಲಿಲ್ಲ. ಕೇಳಿದ್ದೆಲ್ಲ ನಿನ್ನನ್ನೇ, ನಾನೂ ಸೇರಿ.

"ಸಿಕ್ಕಿತಲ್ಲ, ಇನ್ನು ಬಿಡಮ್ಮ" ಅಂದರಂತೆ ವಾರ್ಡನ್. ಫಿಲಿಪ್ಪಿಯ ಅಧಿಕಾರಿಗಳೂ ಹಾಗೇ ಅಂದಿದ್ದರು. ಯೇಸುವಿನ ಮಾತು ಸಾರುತ್ತಿದ್ದ ಪೌಲ ಮತ್ತು ಸೀಲರಿಗೆ ಜನರೆದುರು ಬೆತ್ತದ ಏಟು ಕೊಡಿಸಿ, ಕಾಲಿಗೆ ಕೊರಡು ಹಾಕಿಸಿ, ಬೆಳಗ್ಗೆ ಇನ್ನು ಹೊರಡಿ ಅಂತ ಹೇಳಿ ಕಳಿಸಿದರು. ಪೌಲ ಹೊರಡಲಿಲ್ಲ. ರೋಮಿನ ಪೌರರಾದ ನಮ್ಮನ್ನು ವಿಚಾರಣೆಯಿಲ್ಲದೆ ಬಹಿರಂಗವಾಗಿ ಹೊಡೆಸಿ, ಈಗ ಗುಟ್ಟಾಗಿ ಕಳಿಸುತ್ತಾರೋ? ಅವರೇ ಬಂದು ಕರೆದುಕೊಂಡು ಹೋಗಲಿ ಅಂದ. ಬಂದರು, ಸಮಾಧಾನದ ಮಾತಾಡಿ ಹೊರಗೆ ಕರೆತಂದರು. ಪ್ರೇಷಿತರ ಕಾರ್ಯಕಲಾಪಗಳು 16, ಓದು.

ಶನಿವಾರ ಬೆಳಗಿನ ಬಸ್ಸಿಗೆ ನಾನು, ಅಪ್ಪ ಬರುತ್ತೇವೆ. ಟ್ರಂಕ್ ಸುರಿಸಿದ ವರಾಂಡದಲ್ಲೇ, ಅವತ್ತು ನೋಡಿದ ಹುಡುಗಿಯರ ಮುಂದೆ, ನಿನ್ನದೇನೂ ತಪ್ಪಿರಲಿಲ್ಲ ಅಂತ ವಾರ್ಡನ್ ಹೇಳಬೇಕು. ಅಷ್ಟೇ ಕೇಳುವುದು. ನಿನಗೆ ಬೇಡ ಅನಿಸಿದರೆ ಗುರುವಾರದೊಳಗೆ ಹೇಳು, ಬಾಯಿ ತೆರೆಯುವುದಿಲ್ಲ, ತಿಂಡಿ ಕೊಟ್ಟು ಬರುತ್ತೇವೆ. ಕೋಡುಬಳೆ ಮಾಡಿದ್ದೇನೆ, ಹೆಚ್ಚೇ ಇದೆ. ಆ ಹುಡುಗಿಗೂ ಕೊಡುವುದೋ ಬೇಡವೋ ನಿನಗೆ ಬಿಟ್ಟದ್ದು.

ನಿನ್ನ
ಅಮ್ಮ