ವಿಷಯ: ಸೆಕ್ಯೂರಿಟಿ ಕೀ ಕೀಬೋರ್ಡ್‌ನಂತೆ ಟೈಪ್ ಮಾಡುವ ಬಗ್ಗೆ ದೂರು

ಗ್ರಾಹಕ ಸೇವಾ ವಿಭಾಗದವರಿಗೆ,

ನಮಸ್ಕಾರ. ಲಾಗಿನ್ ಆಗುವಾಗ ಇದು ನಾನೇ ಅಂತ ಸಾಬೀತು ಮಾಡಲು ಕಂಪ್ಯೂಟರ್‌ಗೆ ಚುಚ್ಚುವ ನಿಮ್ಮ ಯುಎಸ್‌ಬಿ ಸೆಕ್ಯೂರಿಟಿ ಕೀ ಎರಡು ಕೊಂಡಿದ್ದೇನೆ. ಒಂದು ದಿನಬಳಕೆಗೆ, ಇನ್ನೊಂದು ಕಳೆದುಹೋದರೆ ಇರಲಿ ಅಂತ. ಲಾಗಿನ್ ಬಗ್ಗೆ ತಕರಾರಿಲ್ಲ. ನಕಲಿ ವೆಬ್‌ಸೈಟ್ ಎಷ್ಟೇ ಚೆನ್ನಾಗಿ ವೇಷ ಹಾಕಿದರೂ, ವಿಳಾಸ ಬೇರೆಯಾದರೆ ಅಲ್ಲಿ ಕೀ ಕೆಲಸ ಮಾಡುವುದಿಲ್ಲ. ಎಸ್ಸೆಮ್ಮೆಸ್ ಓಟಿಪಿಗೆ ಈ ಬುದ್ಧಿ ಇಲ್ಲ. ಅದಕ್ಕೇ ಕೊಂಡಿದ್ದು.

ತೊಂದರೆ ಬೇರೆ. ಲ್ಯಾಪ್‌ಟಾಪ್ ಎತ್ತಿಡುವಾಗ ಕೀಗೆ ಬೆರಳು ತಾಗಿದರೆ ಸಾಕು, ಪರದೆ ಮೇಲೆ ಒಂದು ಸಾಲು ಅರ್ಥವಿಲ್ಲದ ಅಕ್ಷರ ಬಂದು ಬೀಳುತ್ತದೆ. ಕೊನೆಗೆ ಎಂಟರ್ ಬೇರೆ ಅದೇ ಒತ್ತುತ್ತದೆ. ಚಾಟ್ ತೆರೆದಿದ್ದರೆ ಎಲ್ಲರಿಗೂ ಹೋಯಿತು ಅಂತಲೇ ಲೆಕ್ಕ. ಮೀಟಿಂಗ್ ಮಧ್ಯೆ ಎರಡು ಸಲ ಹೀಗಾಗಿದೆ. ಬೆಕ್ಕು ಓಡಾಡಿತಾ ಅಂತ ಜೊತೆಯವರು ಕೇಳಿದರು. ನನ್ನ ಹತ್ತಿರ ಬೆಕ್ಕಿಲ್ಲ.

ಇಷ್ಟನ್ನು ಸಹಿಸಿಕೊಂಡಿದ್ದೆ. ಈಗ ನಮ್ಮ ಕಚೇರಿಯ ಕಂಪ್ಯೂಟರ್‌ಗಳು ಗುರುತಿಲ್ಲದ ಕೀಬೋರ್ಡ್ ಚುಚ್ಚಿದರೆ ತಡೆಯುತ್ತವೆ. ಅದು ಸುಮ್ನೆ ಮಾಡಿದ ನಿಯಮವಲ್ಲ. ಪೆನ್‌ಡ್ರೈವ್‌ನ ಫರ್ಮ್‌ವೇರ್ (ಅದರೊಳಗೇ ಇದ್ದು ಅದನ್ನು ನಡೆಸುವ ಸಾಫ್ಟ್‌ವೇರ್) ತಿದ್ದಿದರೆ ಅದು ಕೀಬೋರ್ಡ್ ಅಂತ ಹೇಳಿಕೊಂಡು ತಾನೇ ಕಮಾಂಡ್ ಟೈಪ್ ಮಾಡಬಲ್ಲದು ಎಂದು 2014ರಲ್ಲೇ ಬ್ಯಾಡ್‌ಯುಎಸ್‌ಬಿ ಸಂಶೋಧನೆ ತೋರಿಸಿತ್ತು. ನಿಮ್ಮ ಕೀ ಕೂಡ ಕೀಬೋರ್ಡ್ ಅಂತಲೇ ಪರಿಚಯ ಹೇಳಿಕೊಳ್ಳುತ್ತದೆ. ಕಾವಲಿಗೆ ಕರೆತಂದವನನ್ನೇ ಬಾಗಿಲಲ್ಲಿ ಕಳ್ಳ ಅಂತ ಹಿಡಿದ ಹಾಗಾಗಿದೆ.

ಫಿಡೊ2 ಲಾಗಿನ್‌ಗೆ, ಅಂದರೆ ವೆಬ್‌ಸೈಟ್ ವಿಳಾಸ ನೋಡಿಯೇ ಕೀ ಉತ್ತರ ಕೊಡುವ ಆ ವಿಧಾನಕ್ಕೆ, ಈ ಕೀಬೋರ್ಡ್ ವೇಷ ಬೇಕಾಗಿಯೇ ಇಲ್ಲ, ಅಲ್ವಾ? ಬೇಕಿರುವುದು ಕೀ ತಾನೇ ಹಳೆಯ ರೀತಿಯ ಓಟಿಪಿ ಟೈಪ್ ಮಾಡಲು; ಪರದೆ ಮೇಲೆ ಬೀಳುವ ಆ ಅಕ್ಷರಗಳು ಅದೇ. ಡ್ರೈವರ್ ಇಲ್ಲದೆ ಎಲ್ಲಿ ಚುಚ್ಚಿದರೂ ನಡೆಯುತ್ತದೆ, ಹಳೆ ಸಾಫ್ಟ್‌ವೇರ್ ಇರುವವರಿಗೆ ಅನುಕೂಲ, ಒಪ್ಪುತ್ತೇನೆ. ನಾನು ಮಾತ್ರ ಒಮ್ಮೆಯೂ ಬಳಸಿಲ್ಲ.

ಇದನ್ನು ಆಫ್ ಮಾಡುವುದು ಹೇಗೆ ಅಂತ ಕೇಳಿದರೆ ನಿಮ್ಮವರು "ರೀಸೆಟ್ ಮಾಡಿ" ಎಂದರು. ಮಾಡಿದೆ. ಕೀಬೋರ್ಡ್ ಹಾಗೇ ಉಳಿಯಿತು, ಆ ಕೀಯಲ್ಲಿ ನೋಂದಾಯಿಸಿದ್ದ ಲಾಗಿನ್‌ಗಳೆಲ್ಲ ಅಳಿಸಿಹೋದವು. ಹೀಗಾಗುತ್ತದೆ ಅಂತ ಯಾರೂ ಎಚ್ಚರಿಸಲಿಲ್ಲ. ಎರಡನೆಯ ಕೀ ಇತ್ತು, ಬಚಾವಾದೆ. ಒಂದೇ ಇಟ್ಟುಕೊಂಡವರ ಗತಿ ಏನು? ಆಮೇಲೆ ಬಂದ ಉತ್ತರ ಇನ್ನೂ ಚೆನ್ನಾಗಿದೆ: ಕಚೇರಿಯವರಿಗೆ ಆ ತಡೆಯನ್ನೇ ತೆಗೆಯಲು ಹೇಳಬೇಕಂತೆ!

ಕೀಬೋರ್ಡ್ ಭಾಗವನ್ನು ಮಾತ್ರ ಆಫ್ ಮಾಡುವ ದಾರಿ ತಿಳಿಸಿ. ಹೊಸ ಕೀಗಳಲ್ಲಿ ಅದು ಮೊದಲೇ ಆಫ್ ಆಗಿರಲಿ, ಬೇಕಾದವರು ಆನ್ ಮಾಡಿಕೊಳ್ಳುತ್ತಾರೆ. ಆಗುವುದಿಲ್ಲ ಎಂದಾದರೆ ಎರಡೂ ಕೀ ವಾಪಸ್ ತೆಗೆದುಕೊಂಡು ಹಣ ಕೊಡಿ. ದಯವಿಟ್ಟು ಇನ್ನೊಮ್ಮೆ ರೀಸೆಟ್ ಮಾಡಿ ಅಂತ ಬರೆಯಬೇಡಿ.

ಇಂತಿ,
ನಿಮ್ಮ ಗ್ರಾಹಕ